ರೂಮು ಸಿಕ್ಕವರು ಮತ್ತೆ ಬೀದಿಗೆ ಬರುತ್ತಿದ್ದಾರೆ, ನಾವು ಕಲಿಸುವುದರಲ್ಲಿ ಏನು ತಪ್ಪಿದೆ?

ಭಾನುವಾರದ_ತರಗತಿ
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಹೊತ್ತುಕೊಂಡು ಬಂದಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಬೆಂಗಳೂರಿನ ಒಂದು ನೈಟ್ ಶೆಲ್ಟರ್‌ಗೆ ನಾವು ಆರು ಜನ ಗೆಳೆಯರು ಎರಡು ವರ್ಷದಿಂದ ಪ್ರತಿ ಭಾನುವಾರ ಹೋಗುತ್ತೇವೆ. ಗಂಡಸರ ಶೆಲ್ಟರ್. ಅಲ್ಲಿ ಮಲಗುವವರಲ್ಲಿ ಹೆಚ್ಚಿನವರು ಮದುವೆ ಅಡುಗೆ, ಲೋಡಿಂಗ್, ಸೆಂಟ್ರಿಂಗ್ ಕೆಲಸಕ್ಕೆ ಹೋಗುವವರು. ನಾವು ಬ್ಯಾಂಕ್ ಫಾರಂ ತುಂಬುವುದು, ತಿಂಗಳ ಖರ್ಚು ಬರೆಯುವುದು, ಎಟಿಎಂ ಬಳಸುವುದು, ಕೋಪ ಬಂದಾಗ ಏನು ಮಾಡಬೇಕು, ಇಂಥದ್ದೆಲ್ಲ ಹೇಳಿಕೊಡುತ್ತೇವೆ. ಬೋರ್ಡಿನ ಮೇಲೆ 'ಜೀವನ ಕೌಶಲ ತರಬೇತಿ' ಅಂತ ಬರೆದಿದ್ದೇವೆ.

ಕಳೆದ ವರ್ಷ ಐದು ಜನ ಶೆಲ್ಟರ್ ಬಿಟ್ಟು ರೂಮು ಮಾಡಿದರು. ರೂಮು ನಾವೇ ಹುಡುಕಿಕೊಟ್ಟೆವು, ಅಡ್ವಾನ್ಸಿಗೆ ದುಡ್ಡು ಕೂಡಿಸಿದೆವು. ಎರಡೂವರೆ ತಿಂಗಳಲ್ಲಿ ಮೂವರು ರೂಮು ಬಿಟ್ಟರು. ಇಬ್ಬರು ಶೆಲ್ಟರ್‌ಗೆ ವಾಪಸ್ ಬಂದರು. ಇನ್ನೊಬ್ಬರು ಅಲ್ಲಿಗೂ ಬರಲಿಲ್ಲ, ಮಾರ್ಕೆಟ್ ಫ್ಲೈಓವರ್ ಕೆಳಗೆ ಮಲಗಿದ್ದರು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಲೆಕ್ಕ ಬರೆಯುತ್ತಿದ್ದವರು ಅವರೇ. ಅವರನ್ನು ಅಲ್ಲಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ನಾವು ಕಲಿಸುತ್ತಿರುವುದು ತಪ್ಪಾ? ಬೇರೆ ಏನಾದರೂ ಕಲಿಸಬೇಕಾ? ಈ ಕೆಲಸ ಮಾಡಿದವರು, ಬೀದಿ ಮನೆ ಎರಡನ್ನೂ ನೋಡಿದವರು ದಯವಿಟ್ಟು ಹೇಳಿ.

ಹಳೇಮೈಸೂರಿನವನು
ಬೇಜಾರು ಮಾಡಿಕೊಳ್ಳಬೇಡಿ. ಕೆಲವರಿಗೆ ಬೀದಿಯೇ ಅಭ್ಯಾಸ ಆಗಿಬಿಟ್ಟಿರುತ್ತದೆ. ಜವಾಬ್ದಾರಿ ಬೇಡ ಅನ್ನಿಸಿರುತ್ತದೆ. ನೀವು ಎಷ್ಟು ಕಲಿಸಿದರೂ ಅಷ್ಟೇ. ಐದರಲ್ಲಿ ಇಬ್ಬರು ಉಳಿದರಲ್ಲ, ಅದೇ ದೊಡ್ಡದು.

ದಾವಣಗೆರೆ_ಮಂಡಕ್ಕಿ
ಅಡ್ವಾನ್ಸು ನೀವೇ ಕಟ್ಟಿದ್ದೇ ತಪ್ಪಾಯ್ತೇನೋ. ಸ್ವಂತ ದುಡ್ಡು ಹಾಕಿದರೆ ಮಾತ್ರ ಉಳಿಸಿಕೊಳ್ಳುತ್ತಾರೆ.

ಮೆಜೆಸ್ಟಿಕ್‌ನಿಂದ_ನಾಗರಭಾವಿ
ನಾನು ನಾಲ್ಕು ವರ್ಷ ಬೀದಿಯಲ್ಲಿ ಮಲಗಿದವನು. ಮೊದಲು ಮೆಜೆಸ್ಟಿಕ್, ಆಮೇಲೆ ಕಲಾಸಿಪಾಳ್ಯ. ಈಗ ಬಾಡಿಗೆ ಮನೆಯಲ್ಲಿದ್ದೇನೆ, ಮದುವೆಯೂ ಆಗಿದೆ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು. ಇದನ್ನು ನೋಡಿ ಬರೆಯಲೇಬೇಕು ಅನ್ನಿಸಿತು.

ಹಳೇಮೈಸೂರು ಅಣ್ಣನಿಗೆ ಮೊದಲು ಹೇಳುತ್ತೇನೆ. ಬೀದಿಯಲ್ಲಿ ಜವಾಬ್ದಾರಿ ಇಲ್ಲ ಅಂತ ಯಾರು ಹೇಳಿದರು? ಚಪ್ಪಲಿಯನ್ನು ತಲೆ ಕೆಳಗೆ ಇಟ್ಟುಕೊಂಡು ಮಲಗಬೇಕು, ಇಲ್ಲದಿದ್ದರೆ ಬೆಳಗ್ಗೆ ಬರಿಗಾಲು. ಬರಿಗಾಲಲ್ಲಿ ಹೋದರೆ ಮೇಸ್ತ್ರಿ ಕೆಲಸಕ್ಕೆ ಕರೆಯುವುದಿಲ್ಲ. ಯಾವ ಸುಲಭ ಶೌಚಾಲಯ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ, ಎಲ್ಲಿ ಮಲಗಿದರೆ ಪೊಲೀಸರು ಎಬ್ಬಿಸುವುದಿಲ್ಲ, ಯಾವ ಅಂಗಡಿಯವನು ಬ್ಯಾಗ್ ಇಟ್ಟುಕೊಳ್ಳುತ್ತಾನೆ, ಎಲ್ಲ ಲೆಕ್ಕ ತಲೆಯಲ್ಲಿರಬೇಕು. ಆ ನಾಲ್ಕು ವರ್ಷ ನಾನು ಒಂದು ದಿನವೂ ಸೋಮಾರಿಯಾಗಿ ಇದ್ದದ್ದು ನೆನಪಿಲ್ಲ.

ಇನ್ನು ಮೇಷ್ಟ್ರ ಪ್ರಶ್ನೆಗೆ. ನನಗೆ ರೂಮು ಸಿಕ್ಕಾಗ ಮೊದಲ ವಾರ ಬಾಗಿಲು ತೆಗೆದಿಟ್ಟು ಹೊಸಿಲ ಹತ್ತಿರ ಮಲಗಿದೆ. ಒಳಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಬೀದಿಯಲ್ಲಿ ಐದಾರು ಜನ ಒಟ್ಟಿಗೆ ಮಲಗುತ್ತೇವೆ, ಒಬ್ಬರಲ್ಲ ಒಬ್ಬರು ಎಚ್ಚರ ಇರುತ್ತಾರೆ. ರೂಮಲ್ಲಿ ಯಾರು ಎಚ್ಚರ ಇರುತ್ತಾರೆ? ಎಲ್ಲಕ್ಕಿಂತ ಕಷ್ಟ ಸಂಜೆ. ಆರರಿಂದ ಹತ್ತು. ಕೆಲಸ ಮುಗಿದಿರುತ್ತದೆ, ಮಾತಾಡಲು ಜನ ಇಲ್ಲ, ಟಿವಿ ಇಲ್ಲ. ಮಾತಿಗೆ ಜನ ಬೇಕು ಅಂತ ಹಳೇ ಜಾಗಕ್ಕೆ ಹೋಗುತ್ತಿದ್ದೆ. ಹೋದರೆ ಕುಡಿಯುತ್ತಿದ್ದೆ. ಕುಡಿದರೆ ಅಲ್ಲೇ ಮಲಗುತ್ತಿದ್ದೆ.

ಇನ್ನೊಂದು, ಕೂಲಿ ಬರುವುದು ದಿನದಿನ. ಬಾಡಿಗೆ ಕಟ್ಟುವುದು ತಿಂಗಳಿಗೊಮ್ಮೆ. ಲೆಕ್ಕ ಬರೆಯುವುದು ಕಷ್ಟವೇ ಅಲ್ಲ. 25 ದಿನ ಆ ದುಡ್ಡನ್ನು ಜೇಬಿನಲ್ಲಿ ಕಾಯುವುದು ಕಷ್ಟ. ನನ್ನ ಹತ್ತಿರ 3,000 ಸೇರಿದ ದಿನವೇ ಜೊತೆಗೆ ಮಲಗುತ್ತಿದ್ದ ಒಬ್ಬನಿಗೆ ಜ್ವರ ಜಾಸ್ತಿ ಆಯಿತು. ಆಟೋಗೆ, ಔಷಧಿಗೆ ಕೊಟ್ಟೆ. ಕೊಡದೆ ಇರಲು ಆಗುತ್ತಾ? ನನಗೆ ಕಾಲು ಮುರಿದಾಗ ಊಟ ತಂದುಕೊಟ್ಟವನು ಅವನೇ.

ಭಾನುವಾರದ_ತರಗತಿ
ಅಣ್ಣ, ಎರಡು ವರ್ಷದಲ್ಲಿ ನಾವು ಯಾರನ್ನೂ 'ಸಂಜೆ ಏನು ಮಾಡುತ್ತೀರಿ' ಅಂತ ಕೇಳಿಲ್ಲ. ಒಂದು ಸಲವೂ ಕೇಳಿಲ್ಲ. ತುಂಬಾ ಥ್ಯಾಂಕ್ಸ್.

ಉಡುಪಿ_ಪೇಟೆ
ದಿನದ ಕೂಲಿ, ತಿಂಗಳ ಬಾಡಿಗೆ ಅಂದಿರಲ್ಲ, ಅದಕ್ಕೆ ನಮ್ಮ ಕಡೆ ಹಳೇ ಉಪಾಯ ಇದೆ. ಪಿಗ್ಮಿ! 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ಮಗ್ಗದ ಕೆಲಸದವರು, ಕೂಲಿಯವರು, ಬೀಡಿ ಕಟ್ಟುವವರು ಅದರಿಂದಲೇ ದುಡ್ಡು ಕೂಡಿಟ್ಟರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿತು. ಆದರೆ ಪಿಗ್ಮಿ ಈಗಲೂ ಎಷ್ಟೋ ಸಹಕಾರಿ ಸಂಘಗಳಲ್ಲಿ ನಡೆಯುತ್ತಿದೆ.

ನಿಮ್ಮ ಶೆಲ್ಟರ್ ಹತ್ತಿರದ ಸೊಸೈಟಿಯ ಪಿಗ್ಮಿ ಏಜೆಂಟ್ ಒಬ್ಬರನ್ನು ಹಿಡಿಯಿರಿ. ದಿನಾ ಸಂಜೆ ಬಂದು 150, 200 ತೆಗೆದುಕೊಳ್ಳಲಿ. ತಿಂಗಳ ಕೊನೆಗೆ ಬಾಡಿಗೆ ರೆಡಿ.

ದಾವಣಗೆರೆ_ಮಂಡಕ್ಕಿ
ಪಿಗ್ಮಿಯಲ್ಲಿ ಮುಳುಗಿಸಿ ಹೋದವರೂ ಇದ್ದಾರೆ ಸರ್. ನಮ್ಮ ಅತ್ತೆಯ 18 ಸಾವಿರ ಹೋಯ್ತು. ಸಂಘ ಯಾವುದು ಅಂತ ನೋಡಿ ಹಾಕಬೇಕು.

ಉಡುಪಿ_ಪೇಟೆ
ಒಪ್ಪಿದೆ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬಾರದು. ಪಾಸ್‌ಬುಕ್ಕು ಅವರ ಕೈಯಲ್ಲೇ ಇರಬೇಕು. ಇದನ್ನೇ ತರಗತಿಯಲ್ಲಿ ಕಲಿಸಿ.

ಕಾರ್ಪೊರೇಷನ್_ಕಡೆಯವನು
ಬ್ಯಾಂಕ್ ಖಾತೆ ಬಗ್ಗೆ ಒಂದು ಮಾಹಿತಿ. ದಾಖಲೆ ಏನೂ ಇಲ್ಲದವರೂ 'ಸಣ್ಣ ಖಾತೆ' ತೆರೆಯಬಹುದು. ಫೋಟೋ ಮತ್ತು ಸಹಿ ಅಥವಾ ಹೆಬ್ಬೆಟ್ಟು ಸಾಕು, ಬ್ಯಾಂಕ್ ಅಧಿಕಾರಿಯ ಎದುರಿಗೇ ಹಾಕಬೇಕು. ಖಾತೆಯಲ್ಲಿ ಯಾವಾಗಲೂ 50 ಸಾವಿರಕ್ಕಿಂತ ಜಾಸ್ತಿ ಇರಬಾರದು, ವರ್ಷಕ್ಕೆ ಒಟ್ಟು ಜಮಾ 1 ಲಕ್ಷ ದಾಟಬಾರದು, ತಿಂಗಳಿಗೆ 10 ಸಾವಿರದವರೆಗೆ ತೆಗೆಯಬಹುದು. 12 ತಿಂಗಳು ನಡೆಯುತ್ತದೆ. ಗುರುತಿನ ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೂ 12 ತಿಂಗಳು. ಕೌಂಟರ್‌ನಲ್ಲಿ 'ಆಗಲ್ಲ' ಅಂತ ಹೇಳಿ ಕಳಿಸುವುದೇ ಜಾಸ್ತಿ. ಜೊತೆಗೆ ಒಬ್ಬರು ಹೋಗಿ ಮ್ಯಾನೇಜರ್ ಹತ್ತಿರ ಕೂತು ಕೇಳಿದರೆ ಆಗುತ್ತದೆ.

ಹಾಗೆಯೇ ಆಧಾರ್ ಕಾಯ್ದೆಯ 5ನೇ ಕಲಂ ಓದಿ. ಖಾಯಂ ಮನೆ ಇಲ್ಲದವರಿಗೂ ಆಧಾರ್ ಮಾಡಿಸಲು ವಿಶೇಷ ಕ್ರಮ ತೆಗೆದುಕೊಳ್ಳಬೇಕು ಅಂತ ಅದರಲ್ಲೇ ಬರೆದಿದೆ.

ಬಿಎಲ್‌ಒ_ಟೀಚರ್
ನಾನು ಸರ್ಕಾರಿ ಶಾಲೆ ಟೀಚರ್. ಮತದಾರರ ಪಟ್ಟಿ ಕೆಲಸಕ್ಕೂ ಹಾಕಿದ್ದರು. ಮನೆ ಇಲ್ಲದವರು ಪಟ್ಟಿಗೆ ಹೆಸರು ಸೇರಿಸಲು ಫಾರಂ 6 ಕೊಟ್ಟರೆ ವಿಳಾಸದ ದಾಖಲೆ ಕೇಳುವ ಹಾಗಿಲ್ಲ. ಅವರು ಮಲಗುವ ಜಾಗಕ್ಕೆ ನಾವೇ ರಾತ್ರಿ ಹೋಗಿ, ಒಂದಕ್ಕಿಂತ ಜಾಸ್ತಿ ರಾತ್ರಿ ನೋಡಿ, ಹೌದು ಇಲ್ಲೇ ಮಲಗುತ್ತಾರೆ ಅಂತ ಖಚಿತ ಮಾಡಬೇಕು.

ಒಬ್ಬ ಅಜ್ಜ ಬಟ್ಟೆ ಅಂಗಡಿ ಶಟರ್ ಮುಂದೆ ಮಲಗುತ್ತಿದ್ದರು. ನಮ್ಮ ಯಜಮಾನರನ್ನು ಕರೆದುಕೊಂಡು ರಾತ್ರಿ ಹನ್ನೊಂದಕ್ಕೆ ಹೋದೆ. ಎಬ್ಬಿಸಿದ ತಕ್ಷಣ ಎದ್ದು ಚಾಪೆ ಸುತ್ತಲು ಶುರು ಮಾಡಿದರು. ಓಡಿಸಲು ಬಂದಿದ್ದೇವೆ ಅಂದುಕೊಂಡಿದ್ದರು. 'ಅಜ್ಜ, ಮಲಗಿ, ನೀವು ಇಲ್ಲಿ ಇದ್ದೀರಿ ಅಂತ ಬರೆದುಕೊಳ್ಳಲು ಬಂದಿದ್ದೇನೆ' ಅಂದೆ. ಎರಡು ಸಲ ಹೇಳಿಸಿಕೊಂಡರು. ವೋಟರ್ ಕಾರ್ಡು ಬಂದ ಮೇಲೆ ಬಾಕಿ ದಾಖಲೆಗಳ ಕೆಲಸ ಸಲೀಸಾಯಿತು. ನಿಮ್ಮ ತರಗತಿಯವರಿಗೆ ಇದನ್ನು ಖಂಡಿತ ಹೇಳಿ.

ಹಳೇಮೈಸೂರಿನವನು
ಟೀಚರ್, ಇದು ನನಗೆ ಗೊತ್ತೇ ಇರಲಿಲ್ಲ. ಮೆಜೆಸ್ಟಿಕ್ ಅಣ್ಣ, ನನ್ನ ಮಾತು ಒರಟಾಯಿತು, ಕ್ಷಮಿಸಿ. ಆದರೆ ಕುಡಿತದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕುಡಿತ ಬಿಟ್ಟ ಮೇಲೆ ರೂಮು ಅನ್ನುವ ಷರತ್ತು ಇರಬೇಕು. ಇಲ್ಲದಿದ್ದರೆ ದಾನಿಗಳ ದುಡ್ಡು ವೈನ್ ಶಾಪ್‌ಗೆ ಹೋಗುತ್ತದೆ.

ನರ್ಸಕ್ಕ_ಕುಡ್ಲ
ಷರತ್ತು ಹಾಕುವ ಮೊದಲು ಇದನ್ನು ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. 'ಇವತ್ತಿನಿಂದ ಕುಡಿಯಬೇಡ, ನಾಳೆ ರೂಮು ಕೊಡುತ್ತೇವೆ' ಅನ್ನುವುದು ಒಳ್ಳೆಯ ಮನಸ್ಸಿನಿಂದ ಹೇಳಿದರೂ ತಪ್ಪು. ಡಾಕ್ಟರ ಕೈಯಲ್ಲಿ, ಔಷಧಿ ಜೊತೆ ಬಿಡಿಸಬೇಕು. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಹೆಲ್ಸಿಂಕಿ_ಕನ್ನಡಿಗ
ನಾನು ಫಿನ್ಲೆಂಡ್‌ನಲ್ಲಿರುವುದು ಎಂಟು ವರ್ಷದಿಂದ. ಇಲ್ಲಿ 2008ರಿಂದ 'ಮೊದಲು ಮನೆ' ಅನ್ನುವುದೇ ಸರ್ಕಾರದ ನೀತಿ. ಕುಡಿತ ಬಿಡು, ಕೆಲಸ ಹುಡುಕು, ತರಗತಿ ಮುಗಿಸು, ಆಮೇಲೆ ಮನೆ ಅನ್ನುವ ಮೆಟ್ಟಿಲುಗಳನ್ನು ತೆಗೆದುಬಿಟ್ಟರು. ಮೊದಲೇ ಮನೆ, ಅವರ ಹೆಸರಿನಲ್ಲೇ ಬಾಡಿಗೆ ಕರಾರು. ಸಹಾಯಕರು ಅಲ್ಲಿಗೇ ಬರುತ್ತಾರೆ. ಅಡುಗೆ, ಬಿಲ್ಲು ಕಟ್ಟುವುದು, ಅಕ್ಕಪಕ್ಕದವರ ಜೊತೆ ಜಗಳ ಆಗದ ಹಾಗೆ ಇರುವುದು ಎಲ್ಲ ಆ ಮನೆಯಲ್ಲೇ ಕಲಿಯುವುದು. ಇದೇ ಯೋಚನೆ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿತ್ತು. ಇಲ್ಲಿ ಫಿನ್ಲೆಂಡ್‌ನಲ್ಲಿ ಹಳೇ ಶೆಲ್ಟರ್‌ಗಳನ್ನೇ ಸಣ್ಣ ಸಣ್ಣ ಮನೆಗಳನ್ನಾಗಿ ಮಾಡಿದ್ದಾರೆ.

ಕಾರ್ಪೊರೇಷನ್_ಕಡೆಯವನು
ಸರ್, ಅಲ್ಲಿ ಮನೆ ಇದೆ, ಕೊಡುತ್ತಾರೆ. ಇಲ್ಲಿ? 2011ರ ಜನಗಣತಿಯಲ್ಲೇ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಮನೆ ಇಲ್ಲದವರು. ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನ ಮಲಗುವ ಒಂದು ಶೆಲ್ಟರ್ ಇರಬೇಕು, ಒಬ್ಬರಿಗೆ 50 ಚದರ ಅಡಿ ಜಾಗ, ದಿನದ 24 ಗಂಟೆ ತೆರೆದಿರಬೇಕು ಅಂತ ಕೇಂದ್ರದ ಯೋಜನೆಯಲ್ಲಿ ನಿಯಮ ಮಾಡಿದ್ದರು. ಆ ಲೆಕ್ಕದಲ್ಲಿ ಬೆಂಗಳೂರಿಗೆ ಎಷ್ಟು ಬೇಕು, ನೀವೇ ಗುಣಿಸಿ. ಅದೇ ಇನ್ನೂ ಆಗಿಲ್ಲ.

ಹೆಲ್ಸಿಂಕಿ_ಕನ್ನಡಿಗ
ಒಪ್ಪುತ್ತೇನೆ. ಮನೆ ಇಲ್ಲಿಂದ ಹೊತ್ತು ತರಲು ಆಗುವುದಿಲ್ಲ. ಆದರೆ 'ಸಹಾಯಕ ಮನೆಗೆ ಹೋಗಬೇಕು' ಅನ್ನುವುದನ್ನು ತರಬಹುದು ಅಲ್ವಾ? ಮೇಷ್ಟ್ರ ಗುಂಪಿನಲ್ಲಿ ಆರು ಜನ ಇದ್ದಾರೆ. ರೂಮು ಮಾಡಿದವರು ಐದು ಜನ.

ಗಂಟೆ_ಹೊಡೆದರೆ_ಊಟ
ನಾನು ಬೇರೆ ದಾರಿಯಿಂದ ಬಂದವಳು. ಏಳನೇ ವಯಸ್ಸಿನಿಂದ 18ರವರೆಗೆ ಮಕ್ಕಳ ಸಂಸ್ಥೆಯಲ್ಲಿ ಬೆಳೆದೆ. ಅಲ್ಲಿ ನಮಗೂ ಜೀವನ ಕೌಶಲದ ಕ್ಲಾಸ್ ಇತ್ತು. ಚಾರ್ಟ್ ಬರೆಯುತ್ತಿದ್ದೆವು, 'ಆತ್ಮವಿಶ್ವಾಸ' ಅಂತ ದೊಡ್ಡದಾಗಿ ಬರೆದು ಸುತ್ತ ಹೂವು ಬಿಡಿಸುತ್ತಿದ್ದೆವು. ಆದರೆ ಅಡುಗೆ ಮನೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಗಂಟೆ ಹೊಡೆದರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು.

ಹೊರಗೆ ಬಂದ ಮೊದಲ ತಿಂಗಳು ನನಗೆ ಅರ್ಧ ಕೆಜಿ ಟೊಮೆಟೊ ಅಂದರೆ ಎಷ್ಟು ಬರುತ್ತದೆ ಅಂತ ಗೊತ್ತಿರಲಿಲ್ಲ. ಗ್ಯಾಸ್ ಹಚ್ಚಲು ಭಯ. ಹಾಲು ಉಕ್ಕುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಪಿಜಿಯಲ್ಲಿ ಜೊತೆಗಿದ್ದ ಹುಡುಗಿ 'ನಿಮ್ಮಮ್ಮ ಏನೂ ಕಲಿಸಿಲ್ವಾ' ಅಂತ ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ಆ ರಾತ್ರಿ ಬ್ಯಾಗ್ ತೆಗೆದುಕೊಂಡು ಹೊರಟುಬಿಟ್ಟೆ. ಎರಡು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕಳೆದೆ.

ಕಾನೂನಿನಲ್ಲಿ 18 ತುಂಬಿದವರಿಗೂ 21ರವರೆಗೆ, ಕೆಲವು ಸಂದರ್ಭದಲ್ಲಿ 23ರವರೆಗೆ ನೆರವು ಇದೆ. ಬಾಲನ್ಯಾಯ ಕಾಯ್ದೆ 2015 ಮತ್ತು ಅದರ ನಿಯಮಗಳಲ್ಲೇ ಇದೆ. ನನಗೆ ಅದು ಗೊತ್ತಾಗಿದ್ದು 24ನೇ ವಯಸ್ಸಿನಲ್ಲಿ.

ನನಗೆ ಕೊನೆಗೆ ಕಲಿಸಿದ್ದು ಒಬ್ಬ ತರಕಾರಿ ಅಜ್ಜಿ. ದಿನಾ ಸಂಜೆ ಹೋದಾಗ 'ಇವತ್ತು ಏನು ಮಾಡ್ತೀಯಾ' ಅಂತ ಕೇಳುತ್ತಿದ್ದರು. ಗೊತ್ತಿಲ್ಲ ಅಂದರೆ ಎರಡು ಈರುಳ್ಳಿ, ಒಂದು ಬದನೆ ಕೈಗಿಟ್ಟು 'ಹೀಗೆ ಮಾಡು' ಅಂತ ಹೇಳುತ್ತಿದ್ದರು. ಮರುದಿನ 'ಹೇಗಾಯ್ತು' ಅಂತ ಕೇಳುತ್ತಿದ್ದರು. ಈಗ ನಾನು ನಾಲ್ಕು ಜನಕ್ಕೆ ಬಿಸಿಬೇಳೆಬಾತ್ ಮಾಡುತ್ತೇನೆ.

ಬಿಎಲ್‌ಒ_ಟೀಚರ್
ಮಗಳೇ, ಓದಿ ಕಣ್ಣು ತುಂಬಿತು.

ಮೆಜೆಸ್ಟಿಕ್‌ನಿಂದ_ನಾಗರಭಾವಿ
ತಂಗಿ, 'ಮರುದಿನ ಹೇಗಾಯ್ತು ಅಂತ ಕೇಳುತ್ತಿದ್ದರು' ಅಂದೆಯಲ್ಲ, ನನಗೂ ಅಂಥವರೊಬ್ಬರು ಇದ್ದರು. ಟೀ ಅಂಗಡಿಯವರು.

ನರ್ಸಕ್ಕ_ಕುಡ್ಲ
ಅಡುಗೆ ಮಾತು ಬಂತಲ್ಲ, ನಾನೂ ಒಂದು ಹೇಳುತ್ತೇನೆ. ಮಾನಸಿಕ ಕಾಯಿಲೆ ಇದ್ದು ಊರೂರು ಅಲೆದು ಬಂದ ಹೆಂಗಸರ ವಾರ್ಡಿನಲ್ಲಿ ನಾನು ಕೆಲಸ ಮಾಡಿದ್ದೇನೆ. ಒಬ್ಬರು ಏಳು ತಿಂಗಳು ಮಾತೇ ಆಡಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಒಂದು ದಿನ ಹಿತ್ತಲಿನ ಬಸಳೆ ಕೊಯ್ದು ಅವರ ಮುಂದೆ ಇಟ್ಟೆವು. ಸುಮ್ಮನೆ ಕೂತು ಎಲೆ ಬೇರೆ, ಎಳೆ ದಂಟು ಬೇರೆ, ಬಲಿತದ್ದು ಬೇರೆ ಮಾಡಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಬಾಯಿಗೆ ಹಾಕಿ 'ಕಾಯಿ ಕಮ್ಮಿ ಆಯ್ತು' ಅಂದರು. ಇಡೀ ವಾರ್ಡ್ ತಿರುಗಿ ನೋಡಿತು. ಅವರ ಕೈಗೆ ಅಡುಗೆ ಮೊದಲೇ ಗೊತ್ತಿತ್ತು. ನಾವು ಅಷ್ಟು ದಿನ ಕೇಳಿರಲಿಲ್ಲ.

ಚೆನ್ನೈನ ದಿ ಬ್ಯಾನಿಯನ್ ಅನ್ನುವ ಸಂಸ್ಥೆ 1993ರಿಂದ ಬೀದಿಯಲ್ಲಿರುವ ಮಾನಸಿಕ ಅಸ್ವಸ್ಥ ಹೆಂಗಸರ ಜೊತೆ ಕೆಲಸ ಮಾಡುತ್ತಿದೆ. ಅವರ 'ಹೋಂ ಅಗೇನ್' ಅನ್ನುವ ಕ್ರಮದಲ್ಲಿ ನಾಲ್ಕೈದು ಜನ ಸೇರಿ ಊರ ನಡುವೆ ಸಾಮಾನ್ಯ ಬಾಡಿಗೆ ಮನೆಯಲ್ಲಿ ಇರುತ್ತಾರೆ. ಬೇಕಾದಷ್ಟು ಮಾತ್ರ ಸಹಾಯ. ಏನು ಅಡುಗೆ ಅಂತ ಅವರೇ ನಿರ್ಧಾರ ಮಾಡುತ್ತಾರೆ, ಬೇಕಾದರೆ ಸಂತೆಗೂ ಹೋಗುತ್ತಾರೆ. ಮಾನಸಿಕ ಆರೋಗ್ಯ ಕಾಯ್ದೆ 2017 ಕೂಡ ಇದನ್ನೇ ಹೇಳುತ್ತದೆ. ಮನೆ ಇಲ್ಲ, ಬಂಧುಗಳು ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಹುಬ್ಳಿ_ಅಕ್ಕೋರು
ಎಲ್ಲಾರೂ ಗಂಡಸರ ಶೆಲ್ಟರ್ ಬಗ್ಗೆ ಮಾತಾಡಿದಿರಿ. ಹೆಂಗಸರ ಬಗ್ಗೆ ನರ್ಸಕ್ಕ ಒಬ್ಬರೇ ಹೇಳಿದರು. ನಾನು ಹೆಂಗಸರ ವಸತಿಯಲ್ಲಿ ಕೇರ್‌ಟೇಕರ್ ಇದ್ದವಳು ರೀ.

ಹೆಂಗಸರು ರಸ್ತೆಯಲ್ಲಿ ಕಾಣುವುದಿಲ್ಲ. ಅವರು ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಇಟ್ಟುಕೊಂಡು ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಾರೆ. ರಾತ್ರಿ ಪೂರ್ತಿ ಕೂತಿರುತ್ತಾರೆ. ನಿದ್ದೆ ಹಗಲಲ್ಲಿ, ಗುಡಿಯಲ್ಲೋ ಆಸ್ಪತ್ರೆಯ ಹೊರಗೋ. ನಮ್ಮ ವಸತಿಗೆ ಬಂದವರು ಮೊದಲ ಮೂರು ದಿನ ಬರೀ ನಿದ್ದೆ ಮಾಡುತ್ತಿದ್ದರು. ತರಬೇತಿ ಕೊಡುವವರು ಬಂದು 'ಇವರು ಆಸಕ್ತಿ ತೋರಿಸಲ್ಲ' ಅಂತ ರಿಪೋರ್ಟಿನಲ್ಲಿ ಬರೆದು ಹೋದರು! ನನಗೆ ಸಿಟ್ಟು ಬಂತು ರೀ. ಮೊದಲು ಮಲಗಲಿ ಬಿಡಿ.

ಎರಡನೆಯದು, ಅವರಿಗೆ ಹೊಲಿಗೆ ಮಿಷನ್, ಅಗರಬತ್ತಿ, ಕ್ಯಾಂಡಲ್ ಅಂತ ಶುರು ಮಾಡುತ್ತಾರೆ. ನಮ್ಮಲ್ಲಿ ಒಬ್ಬಾಕೆ ದಿನಕ್ಕೆ 200 ರೊಟ್ಟಿ ಬಡಿಯುವಾಕೆ. ಆಕೆಗೆ ಕ್ಯಾಂಡಲ್ ಯಾಕೆ? ಖಾನಾವಳಿಯವರ ಹತ್ತಿರ ಮಾತಾಡಿ ಕೆಲಸ ಕೊಡಿಸಿದೆವು. ಆಕೆಗೆ ಕಲಿಯಬೇಕಾಗಿದ್ದು ಒಂದೇ, ಗಂಡ ಬಂದು ಪಗಾರ ಕೇಳಿದರೆ 'ಕೊಡೋದಿಲ್ಲ' ಅನ್ನುವುದು. ಅದಕ್ಕೆ ಒಂದು ವರ್ಷ ಹಿಡಿಯಿತು. ಈಗ ಹೇಳುತ್ತಾಳೆ.

ಗಂಟೆ_ಹೊಡೆದರೆ_ಊಟ
ಅಕ್ಕ, ಬಸ್ಸಿಗೆ ಕಾಯುವವರ ಹಾಗೆ ಕೂರುವುದು ನಿಜ. ನಾನು ಕೈಯಲ್ಲಿ ಒಂದು ಹಳೇ ಟಿಕೆಟ್ ಹಿಡಿದುಕೊಂಡಿದ್ದೆ.

ದಾವಣಗೆರೆ_ಮಂಡಕ್ಕಿ
ವಿಷಯ ಸ್ವಲ್ಪ ಬೇರೆ. ಈಗ ಯೂಟ್ಯೂಬ್‌ನಲ್ಲಿ ರಸ್ತೆಬದಿ ಇರುವವರಿಗೆ ಸ್ನಾನ ಮಾಡಿಸಿ, ತಲೆ ಬೋಳಿಸಿ, ಹೊಸ ಬಟ್ಟೆ ಹಾಕಿಸುವ ವಿಡಿಯೋ ಬರುತ್ತವಲ್ಲ, ಅದೂ ಸಹಾಯವೇ ಅಲ್ವಾ? ನಮ್ಮ ಮನೆಯಲ್ಲಿ ಎಲ್ಲರೂ ನೋಡಿ ಅಳುತ್ತಾರೆ.

ಮೆಜೆಸ್ಟಿಕ್‌ನಿಂದ_ನಾಗರಭಾವಿ
ನನ್ನ ಜೊತೆಗಿದ್ದ ಒಬ್ಬನ ಗಡ್ಡ ತೆಗೆದು ವಿಡಿಯೋ ಹಾಕಿದರು. ಅವನ ಅಕ್ಕನ ಮಗಳು ನೋಡಿದಳು. ಊರಲ್ಲಿ 'ಬೆಂಗಳೂರಲ್ಲಿ ಕಂಪನಿ ಕೆಲಸ' ಅಂತ ಹೇಳಿಕೊಂಡಿದ್ದ. ಆಮೇಲೆ ಊರಿಗೆ ಹೋಗುವ ದಾರಿಯೂ ಮುಚ್ಚಿಹೋಯಿತು. ಸ್ನಾನ ಮಾಡಿಸಿ, ತಪ್ಪಿಲ್ಲ. ಕ್ಯಾಮೆರಾ ಬೇಡ.

ಕಾರ್ಪೊರೇಷನ್_ಕಡೆಯವನು
ಇನ್ನೊಂದು ವಿಷಯ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಆಸ್ತಿ ತೆರಿಗೆ ಜೊತೆಗೆ ನಾವು ಕಟ್ಟುವ 3% ಭಿಕ್ಷುಕರ ಸೆಸ್ ಇದಕ್ಕೇ. ಆ ದುಡ್ಡಿನ ಕಥೆ ಕೇಳಬೇಕಾದವರು ನಾವೇ. ಬೇಡುವವರನ್ನು ಹಿಡಿದು ತಂದು ಇಡುವ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಬಂದ ದಿನಗಳು ನನಗೆ ಈಗಲೂ ನೆನಪಿವೆ. ದೆಹಲಿಯಲ್ಲಿ ಇಂಥದ್ದೇ ಕಾಯ್ದೆಯ ಮುಖ್ಯ ಕಲಂಗಳನ್ನು 2018ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಹಿಡಿದು ಕೂಡಿಹಾಕಿ ಕೌಶಲ ಕಲಿಸುತ್ತೇವೆ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಹಳೇಮೈಸೂರಿನವನು
ಹಾಗಂತ ಸಿಗ್ನಲ್‌ನಲ್ಲಿ ಮಗು ಎತ್ತಿಕೊಂಡು ಬೇಡುವುದನ್ನು ಸುಮ್ನೆ ಬಿಡಬೇಕಾ?

ಕಾರ್ಪೊರೇಷನ್_ಕಡೆಯವನು
ಮಗುವಿನ ವಿಷಯ ಬೇರೆ, ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ದೊಡ್ಡವರನ್ನು ವ್ಯಾನಿನಲ್ಲಿ ತುಂಬುವುದು ಬೇರೆ. ಇದಕ್ಕೆ ಪ್ರತ್ಯೇಕ ಚರ್ಚೆ ತೆರೆಯೋಣ. ಮೇಷ್ಟ್ರ ಪ್ರಶ್ನೆ ಪಕ್ಕಕ್ಕೆ ಹೋಗುತ್ತಿದೆ.

ವಠಾರದ_ಮನೆಯವರು
ಇಲ್ಲಿ ಮನೆ ಮಾಲೀಕರು ಯಾರೂ ಮಾತಾಡಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ನಮ್ಮದು ಆರು ಮನೆಗಳ ವಠಾರ. ಶೆಲ್ಟರ್‌ನಿಂದ ಬಂದ ಇಬ್ಬರಿಗೆ ಒಂದು ರೂಮು ಕೊಟ್ಟಿದ್ದೇವೆ. ಮೊದಲು ಭಯ ಇತ್ತು, ಸುಳ್ಳು ಹೇಳುವುದಿಲ್ಲ. ಮೊದಲ ತಿಂಗಳು ಲೈಟ್ ರಾತ್ರಿ ಪೂರ್ತಿ ಉರಿಯುತ್ತಿತ್ತು. ಕಸ ಯಾವ ದಿನ ಹಸಿ, ಯಾವ ದಿನ ಒಣ ಅಂತ ಗೊತ್ತಿರಲಿಲ್ಲ. ಬೇರೆ ಬಾಡಿಗೆದಾರರು ನನ್ನ ಹತ್ತಿರ ಬಂದು ದೂರು ಹೇಳಿದರು.

ನನಗೆ ಸಹಾಯ ಆಗಿದ್ದು ಒಂದೇ. ಕರೆದುಕೊಂಡು ಬಂದ ಹುಡುಗ ತನ್ನ ಫೋನ್ ನಂಬರ್ ಕೊಟ್ಟಿದ್ದ. ಏನಾದರೂ ಆದರೆ ಮೊದಲು ನನಗೆ ಹೇಳಿ, ಖಾಲಿ ಮಾಡಿಸಬೇಡಿ ಅಂದಿದ್ದ. ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಅದೇ ದಿನ ಬಂದ. ಅವನು ಬಾರದಿದ್ದರೆ ನಾನು ಬೇರೆ ಥರ ಯೋಚನೆ ಮಾಡುತ್ತಿದ್ದೆನೋ ಏನೋ.

ಅಡ್ವಾನ್ಸ್ ಬಗ್ಗೆ ಒಂದು ಮಾತು. ಹತ್ತು ತಿಂಗಳ ಅಡ್ವಾನ್ಸ್ ಕೂಲಿಯವರು ಎಲ್ಲಿಂದ ತರುತ್ತಾರೆ? ನಾನು ಎರಡು ತಿಂಗಳದ್ದು ತೆಗೆದುಕೊಂಡೆ. ವಾರಕ್ಕೊಮ್ಮೆ ಬಾಡಿಗೆ ಕೊಡುತ್ತಾರೆ. ನನಗೇನೂ ನಷ್ಟ ಆಗಿಲ್ಲ.

ಉಡುಪಿ_ಪೇಟೆ
ವಾರದ ಬಾಡಿಗೆ! ಇದು ಪಿಗ್ಮಿಗಿಂತ ಸುಲಭ.

ನರ್ಸಕ್ಕ_ಕುಡ್ಲ
ಅಮ್ಮ, ನಿಮ್ಮಂಥವರು ಹತ್ತು ಜನ ಇದ್ದರೆ ಸಾಕು.

ಕಾರ್ಪೊರೇಷನ್_ಕಡೆಯವನು
ಹೊಸದಾಗಿ ರೂಮು ಮಾಡುವವರಿಗೆ ಒಂದು ಸಣ್ಣ ವಿಷಯ. 5 ಕೆಜಿ ಗ್ಯಾಸ್ ಸಿಲಿಂಡರ್ ತೆಗೆದುಕೊಳ್ಳಲು ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಊರಿನಲ್ಲಿ ರೇಷನ್ ಕಾರ್ಡ್ ಇದ್ದವರು ಆಧಾರ್ ಜೋಡಣೆ ಆಗಿದ್ದರೆ ಇಲ್ಲೂ ಅಕ್ಕಿ ತೆಗೆದುಕೊಳ್ಳಬಹುದು. ಊರಲ್ಲಿರುವ ಹೆಂಡತಿ ಮಕ್ಕಳ ಪಾಲು ಅಲ್ಲೇ ಸಿಗುವ ಹಾಗೆ ನೋಡಿಕೊಳ್ಳಿ. ಯಾರೂ ಹೇಳದೆ ಇದ್ದರೆ ಮನೆಯಲ್ಲಿ ಜಗಳ ಆಗುತ್ತದೆ.

ಭಾನುವಾರದ_ತರಗತಿ
ಮೂರು ದಿನ ಆಯಿತು ಇಲ್ಲಿ ಬರೆಯದೆ. ಓದುತ್ತಿದ್ದೆ. ನಮ್ಮ ಗುಂಪಿನವರಿಗೂ ಓದಿ ಹೇಳಿದೆ.

ನಿನ್ನೆ ಸಂಜೆ ಮಾರ್ಕೆಟ್ ಫ್ಲೈಓವರ್ ಹತ್ತಿರ ಹೋಗಿ ಆ ಅಣ್ಣನನ್ನು ಹುಡುಕಿದೆ. ಟೀ ಕುಡಿಯುತ್ತಾ ಕೇಳಿದೆ, ರೂಮು ಯಾಕೆ ಬಿಟ್ಟಿರಿ ಅಂತ. ಮೊದಲು ಹೇಳಲಿಲ್ಲ. ಆಮೇಲೆ ಹೇಳಿದರು. ಕಾವೇರಿ ನೀರು ಎರಡು ದಿನಕ್ಕೊಮ್ಮೆ, ಬೆಳಗಿನ ಜಾವ ನಾಲ್ಕೂವರೆಗೆ ಬಂದು ಆರಕ್ಕೆ ನಿಲ್ಲುತ್ತಿತ್ತು. ಅವರು ಮದುವೆ ಅಡುಗೆ ಮುಗಿಸಿ ಬರುವುದು ಎಷ್ಟೋ ದಿನ ಏಳು ಗಂಟೆ. ನೀರು ಸಿಗುತ್ತಿರಲಿಲ್ಲ. ಹಿಡಿದಿಡಲು ಇದ್ದದ್ದು ಒಂದು ಬಕೆಟ್. ಪಕ್ಕದವರನ್ನು ಕೇಳಲು ನಾಚಿಕೆ. ಸ್ನಾನ ಇಲ್ಲದೆ ಅಡುಗೆ ಕೆಲಸಕ್ಕೆ ಹೋದರೆ ಕಾಂಟ್ರಾಕ್ಟರ್ ಬೈಯುತ್ತಿದ್ದ. ಫ್ಲೈಓವರ್ ಹತ್ತಿರ ಆದರೆ ಶೌಚಾಲಯದಲ್ಲಿ ದುಡ್ಡು ಕೊಟ್ಟರೆ ಯಾವ ಹೊತ್ತಿಗಾದರೂ ಸ್ನಾನಕ್ಕೆ ನೀರು.

ಅವರ ಲೆಕ್ಕದ ಪುಸ್ತಕ ಇನ್ನೂ ಬ್ಯಾಗಿನಲ್ಲಿದೆ. ರೂಮು ಬಿಟ್ಟ ದಿನದವರೆಗೂ ಬರೆದಿದ್ದಾರೆ. ಬಾಡಿಗೆ ಒಂದು ದಿನವೂ ತಪ್ಪಿಲ್ಲ.

ನಾವು ಆರು ಜನ ಮಾತಾಡಿಕೊಂಡೆವು. ಭಾನುವಾರದ ತರಗತಿ ತಿಂಗಳಿಗೆ ಒಂದೇ ಸಲ ಸಾಕು, ದಾಖಲೆಗಳ ಕೆಲಸಕ್ಕೆ. ಉಳಿದ ಮೂರು ಭಾನುವಾರ, ಮತ್ತೆ ವಾರದಲ್ಲಿ ಒಂದು ಸಂಜೆ, ರೂಮು ಮಾಡಿದವರ ಮನೆಗೆ ಹೋಗುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಮನೆ. ಮಾಲೀಕರಿಗೆ ನಂಬರ್ ಕೊಡುತ್ತೇವೆ. ಅಣ್ಣ ವಾಪಸ್ ರೂಮಿಗೆ ಬರಲು ಒಪ್ಪಿದ್ದಾರೆ, ಆದರೆ ಹಳೇ ರೂಮು ಹೋಗಿದೆ. ಹೊಸದು ನೋಡಬೇಕು.

ಮೆಜೆಸ್ಟಿಕ್‌ನಿಂದ_ನಾಗರಭಾವಿ
ಮೇಷ್ಟ್ರೇ, ಸಂಜೆ ಹೋಗುವುದಾದರೆ ನಾನೂ ಬರುತ್ತೇನೆ. ಮಂಗಳವಾರ ನನಗೆ ರಜೆ.

ವಠಾರದ_ಮನೆಯವರು
ನೀರಿನ ವಿಷಯ ಮಾಲೀಕರಿಗೆ ಹೇಳಿದ್ದರೆ ಒಂದೇ ದಿನದಲ್ಲಿ ಸರಿ ಆಗುತ್ತಿತ್ತು. ದೊಡ್ಡ ಡ್ರಮ್ ಒಂದು ಬಾಗಿಲ ಹೊರಗೆ ಇಟ್ಟರೆ ಪಕ್ಕದವರು ಪೈಪ್ ಹಾಕಿ ತುಂಬಿಸುತ್ತಾರೆ. ನಮ್ಮ ವಠಾರದಲ್ಲಿ ನೈಟ್ ಶಿಫ್ಟಿನವರಿಗೆ ಹಾಗೇ ಮಾಡುತ್ತೇವೆ. ಮುಂದಿನ ತಿಂಗಳು ನಮ್ಮಲ್ಲೂ ಒಂದು ರೂಮು ಖಾಲಿ ಆಗುತ್ತದೆ. ಮೆಸೇಜ್ ಮಾಡಿದ್ದೇನೆ, ನೋಡಿ.

ಹಳೇಮೈಸೂರಿನವನು
ನಮ್ಮ ಮನೆಯಲ್ಲಿ ಒಂದು ಡ್ರಮ್ ಇದೆ. 100 ಲೀಟರಿನದು, ಮುಚ್ಚಳವೂ ಇದೆ. ಶನಿವಾರ ಬೆಂಗಳೂರಿಗೆ ಗಾಡಿಯಲ್ಲಿ ಬರುತ್ತಿದ್ದೇನೆ. ಎಲ್ಲಿಗೆ ತರಲಿ ಹೇಳಿ.